ಅಗ್ಗಿಷ್ಟಿಕೆಯ ಹಲಗೆಯ ಗಿಟಾರು

ನಮ್ಮ ಮನೆಯ ಅಟ್ಟದ ಮೇಲೆ ಎರಡು ಕಟ್ಟು ಟಿಪ್ಪಣಿ ಪುಸ್ತಕಗಳಿವೆ. ಅವು ನನ್ನ ಮಗನವು. ಭೌತಶಾಸ್ತ್ರದ ಎಂ.ಎಸ್‌ಸಿ. ತರಗತಿಯಲ್ಲಿ ಒಂದು ವರ್ಷ ಓದಿ, ಎರಡನೆಯ ವರ್ಷದ ನಡುವೆ ಅವನು ಓದನ್ನು ಬಿಟ್ಟನು. ಈಗ ಮೂವರು ಗೆಳೆಯರೊಡನೆ ಸೇರಿ, ರಾಕ್ ಎಂದು ಕರೆಯಲ್ಪಡುವ ಪಾಶ್ಚಾತ್ಯ ಸಂಗೀತವನ್ನು ನುಡಿಸುತ್ತ ಬೆಂಗಳೂರಿನಲ್ಲಿ ನೆಲಸಿದ್ದಾನೆ. ಕಳೆದ ವರ್ಷ ಹಳೆಯ ಕಾಗದ ಕೊಳ್ಳುವವನು ಬಾಗಿಲಿಗೆ ಬಂದಾಗ ನಾನು ಆ ಕಟ್ಟುಗಳನ್ನು ತಕ್ಕಡಿಗೆ ಹಾಕಹೋದೆನು. ಮನೆಯಾಕೆ ಬಂದು, ಒಂದು ಮಾತನ್ನೂ ಆಡದೆ, ಅವನ್ನು ಎತ್ತಿಕೊಂಡು ಒಳಗೆ ಹೋದಳು. ಆ ಮಧ್ಯಾಹ್ನ ಸಾರು ಬಡಿಸಿದಳೇ ಹೊರತು, ಇನ್ನಷ್ಟು ಬೇಕೆ ಎಂದು ಕೇಳಲಿಲ್ಲ. ವಾಚಕರಲ್ಲಿ ಗೃಹಸ್ಥರಾದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಜ ಹೇಳುವುದಾದರೆ ಆ ಗಿಟಾರನ್ನು ಅವನಿಗೆ ತಂದುಕೊಟ್ಟವನು ನಾನೇ. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕಗಳು ಬಂದುವೆಂದು ಕೊಟ್ಟ ಬಹುಮಾನವದು. ಬಹುಮಾನವೇ ಬದುಕಾಗಿಬಿಡುವುದೆಂದು ಯಾರು ಬಲ್ಲರು? ಅವನು ಓದು ಬಿಟ್ಟ ಮೇಲೆ ನಮ್ಮಿಬ್ಬರ ನಡುವೆ ನಡೆದ ಮಾತುಕತೆಯೆಂದರೆ, "ಊಟವಾಯಿತೆ?" "ಆಯಿತು" ಇಷ್ಟೇ.

ಹೀಗಿರಲು ಒಂದು ಸಂಜೆ ನನ್ನ ಮಗಳು ಒಂದು ಭಾವಚಿತ್ರವನ್ನು ತಂದು ನನ್ನ ಮುಂದೆ ಹಿಡಿದಳು. ಗುಂಗುರುಗೂದಲು ಭುಜದವರೆಗೆ ಇಳಿಬಿದ್ದಿದ್ದ ಅರವತ್ತರ ಒಬ್ಬ ಆಂಗ್ಲೇಯನು ಪದವಿಯ ನಿಲುವಂಗಿ ತೊಟ್ಟು ನಿಂತಿದ್ದನು. "ಅಪ್ಪಾ, ಈತ ಯಾರು ಹೇಳಿ ನೋಡೋಣ" ಎಂದಳು. ಯಾರೋ ವಿಶ್ವವಿದ್ಯಾನಿಲಯದ ಪಂಡಿತನಿರಬೇಕೆಂದೆ. ಅವಳು ನಕ್ಕಳು. ಆತನು ಬ್ರಯನ್ ಮೇ; ಕ್ವೀನ್ ಎಂಬ ಜಗತ್ಪ್ರಸಿದ್ಧ ರಾಕ್ ತಂಡದ ಗಿಟಾರುವಾದಕನು. ಅಂದಿನಿಂದ ಕೆಲವು ತಿಂಗಳ ಕಾಲ ಆತನ ವಿಷಯವಾಗಿ ಕೈಗೆ ಸಿಕ್ಕಿದುದನ್ನೆಲ್ಲ ಓದಿದೆನು. ಆ ಸಂಗೀತವು ನನ್ನ ಕಿವಿಗೆ ಇನ್ನೂ ಪೂರ್ತಿಯಾಗಿ ಒಗ್ಗಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಈತನು ಹುಟ್ಟಿದುದು 1947ರ ಜುಲೈ 19ರಂದು, ಲಂಡನ್ನಿನ ಸಮೀಪದ ಹ್ಯಾಂಪ್ಟನ್ ಎಂಬಲ್ಲಿ. ತಂದೆ ಹೆರಾಲ್ಡ್ ಮೇ ಅವರು ಸರ್ಕಾರದ ವಿಮಾನ ಇಲಾಖೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಕೈಯಲ್ಲಿ ಹಣ ಕಡಮೆ, ಕುಶಲತೆ ಹೆಚ್ಚು. ತಂದೆ ಮಕ್ಕಳಿಬ್ಬರೂ ಸೇರಿ ಮನೆಯಲ್ಲಿಯೇ ಒಂದು ದೂರದರ್ಶಕವನ್ನು ಮಾಡಿಕೊಂಡಿದ್ದರು. ಹುಡುಗನಿಗೆ ವಿದ್ಯುತ್ ಗಿಟಾರು ಬೇಕೆನಿಸಿತು. ಅಂಗಡಿಯ ಬೆಲೆ ಕೈಗೆಟುಕುವಂತಿರಲಿಲ್ಲ. ಹಾಗಾದರೆ ಅದನ್ನೂ ನಾವೇ ಮಾಡೋಣವೆಂದು 1963ರಲ್ಲಿ ಕೆಲಸಕ್ಕೆ ತೊಡಗಿದರು. ಮುಗಿಯಲು ಸುಮಾರು ಎರಡು ವರ್ಷ ಹಿಡಿಯಿತು.

ಆ ವಾದ್ಯಕ್ಕೆ ಬಳಸಿದ ಸಾಮಗ್ರಿಗಳ ವಿವರವನ್ನು ಓದುವಾಗ ನನಗೆ ನಮ್ಮ ಅಜ್ಜನ ಕಾಲದ ಮನೆವಾರ್ತೆಯೇ ನೆನಪಿಗೆ ಬಂದಿತು. ಗಿಟಾರಿನ ಕುತ್ತಿಗೆಗೆ ಹಳೆಯ ಮನೆಯೊಂದರ ಅಗ್ಗಿಷ್ಟಿಕೆಯ ಮೇಲಿದ್ದ, ನೂರು ವರ್ಷದಷ್ಟು ಹಳೆಯ ಮಹಾಗನಿಯ ಹಲಗೆ. ಅದರಲ್ಲಿ ಹುಳು ಕೊರೆದ ತೂತುಗಳಿದ್ದುವು. ಅವುಗಳಿಗೆ ಬೆಂಕಿಕಡ್ಡಿಗಳನ್ನು ತುರುಕಿ ಮುಚ್ಚಿದರು. ಒಡಲಿಗೆ ಹಳೆಯ ಮೇಜೊಂದರ ಓಕ್ ಮರ. ಬೆರಳಿಡುವ ಮನೆಗಳ ಗುರುತಿಗೆ ತಾಯಿಯ ಹೊಲಿಗೆಯ ಪೆಟ್ಟಿಗೆಯಿಂದ ತೆಗೆದ ಮುತ್ತಿನ ಚಿಪ್ಪಿನ ಗುಂಡಿಗಳು. ತಂತಿಗಳನ್ನು ಒಮ್ಮೆಲೇ ಸಡಿಲಿಸಿ ಸ್ವರವನ್ನು ಕಂಪಿಸುವ ಸಾಧನಕ್ಕೆ ಹಳೆಯ ಚೂರಿಯ ಉಕ್ಕಿನ ಅಲಗು, ಹಳೆಯ ಮೋಟಾರು ಸೈಕಲ್ಲಿನ ಎರಡು ಸ್ಪ್ರಿಂಗುಗಳು, ಅದರ ಹಿಡಿಯ ತುದಿಗೆ ತಾಯಿಯ ಹೆಣಿಗೆಯ ಕಡ್ಡಿಯ ತುಣುಕು. ಒಟ್ಟು ವೆಚ್ಚ ಎಂಟು ಪೌಂಡು! ಮೀಟಲು ಮಾತ್ರ ಆತನು ಆರು ಪೆನ್ನಿಯ ಬೆಳ್ಳಿಬಣ್ಣದ ನಾಣ್ಯವನ್ನೇ ಉಪಯೋಗಿಸುವುದನ್ನು ರೂಢಿ ಮಾಡಿಕೊಂಡನು. ಮುಂದೆ ಲಕ್ಷಗಟ್ಟಲೆ ಜನರ ಮುಂದೆ ನುಡಿದುದು ಅದೇ ವಾದ್ಯ. ಅರವತ್ತು ವರ್ಷ ಕಳೆದ ಮೇಲೂ ಆತನು ಅದನ್ನು ಕೈಬಿಟ್ಟಿಲ್ಲ.

ಹುಡುಗನು ಓದಿನಲ್ಲಿಯೂ ಜಾಣ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಪದವಿ ಪಡೆದು, 1970ರಲ್ಲಿ ಡಾಕ್ಟರೇಟಿಗೆ ತೊಡಗಿದನು. ಆತನು ಆರಿಸಿಕೊಂಡ ವಿಷಯ ಧೂಳು. ಚಂದ್ರನಿಲ್ಲದ ನಿರ್ಮಲವಾದ ರಾತ್ರಿಗಳಲ್ಲಿ, ಬೆಳಗಿಗೆ ಬಹು ಮುಂಚೆ ಪೂರ್ವದಲ್ಲಿಯೂ, ಸಂಜೆಗತ್ತಲಾದ ಮೇಲೆ ಪಶ್ಚಿಮದಲ್ಲಿಯೂ ಗೋಪುರದಾಕಾರದ ಮಸುಕು ಬೆಳಕೊಂದು ಕಾಣುವುದುಂಟು. ಗ್ರಹಗಳು ಸಂಚರಿಸುವ ಬಯಲಿನಲ್ಲಿ ಹರಡಿರುವ ಸೂಕ್ಷ್ಮ ಧೂಳಿನ ಮೇಲೆ ಸೂರ್ಯನ ಬಿಸಿಲು ಬಿದ್ದು ಚೆದರುವುದರಿಂದ ಆಗುವ ಬೆಳಕು ಅದು. ರೈಲು ಹತ್ತಿರ ಬರುವಾಗ ಸಿಳ್ಳಿನ ಸ್ವರ ಏರಿದಂತೆಯೂ ದೂರ ಹೋಗುವಾಗ ಇಳಿದಂತೆಯೂ ಕೇಳುವುದಷ್ಟೆ? ಬೆಳಕಿನಲ್ಲಿಯೂ ಅಂಥದೇ ಏರಿಳಿತವುಂಟು. ಅದನ್ನು ಅಳೆದು, ಆ ಧೂಳು ಎಷ್ಟು ವೇಗದಿಂದ ಸಾಗುತ್ತಿದೆಯೆಂದು ತಿಳಿಯುವುದು ಮೇಯ ಕೆಲಸ. ಇದಕ್ಕಾಗಿ ಟೆನೆರೀಫ್ ದ್ವೀಪದ ಬೆಟ್ಟದ ಮೇಲೆ ರಾತ್ರಿಗಳನ್ನು ಕಳೆದನು. ಎರಡು ಲೇಖನಗಳೂ ಪ್ರಕಟವಾದುವು.

ಆ ವೇಳೆಗೆ ತಂಡವು ಹೆಸರು ಮಾಡತೊಡಗಿತ್ತು. ಅದರ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿಯು ಪಾರ್ಸಿ ಮನೆತನದವನು. ಜಾಂಜಿಬಾರಿನಲ್ಲಿ ಹುಟ್ಟಿ ನಮ್ಮ ಪಂಚಗಣಿಯ ಶಾಲೆಯಲ್ಲಿ ಓದಿದವನೆಂದು ಕೇಳಿ ನನ್ನ ಮನೆಯಾಕೆಗೆ ಆ ತಂಡದ ಮೇಲೆ ಇದ್ದಕ್ಕಿದ್ದಂತೆ ಅಭಿಮಾನ ಹುಟ್ಟಿತು. 1974ರಲ್ಲಿ ಮೇ ಪ್ರಬಂಧವನ್ನು ಅರ್ಧಕ್ಕೆ ನಿಲ್ಲಿಸಿ ಸಂಗೀತಕ್ಕೆ ಹೊರಟನು. ಎರಡು ವರ್ಷ ಕೂತು ಮಗನಿಗೆ ಗಿಟಾರು ಮಾಡಿಕೊಟ್ಟ ಆ ತಂದೆಗೇ ಇದು ಸಹಿಸಲಿಲ್ಲ. ಇಷ್ಟು ಓದಿದುದೆಲ್ಲ ವ್ಯರ್ಥವಾಯಿತೆಂದು ಅವರು ನೊಂದುಕೊಂಡರು. ಈ ಸಂಗತಿಯನ್ನು ಓದಿದ ರಾತ್ರಿ ನನಗೆ ಬೇಗನೆ ನಿದ್ರೆ ಹತ್ತಲಿಲ್ಲ. ನಾನಾದರೋ ಅಂಗಡಿಯಿಂದ ಕೊಂಡು ತಂದವನು. ಅವರು ಬೆಂಕಿಕಡ್ಡಿ ತುರುಕಿ ತೂತು ಮುಚ್ಚಿದವರು. ಕೆಲವು ವರ್ಷಗಳ ತರುವಾಯ ಮಗನು ತಂದೆತಾಯಿಯರನ್ನು ನ್ಯೂಯಾರ್ಕಿಗೆ ಕರೆಸಿಕೊಂಡು, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಕಿಕ್ಕಿರಿದ ಸಭೆಯ ಮುಂದೆ ತಾನು ನುಡಿಸುವುದನ್ನು ತೋರಿಸಿದನು. ಆ ರಾತ್ರಿ ತಂದೆಯವರು ಬಂದು ಕೈಕುಲುಕಿ, ಈಗ ತಿಳಿಯಿತೆಂಬರ್ಥದ ಮಾತನ್ನು ಆಡಿದರೆಂದು ಮೇಯೇ ಹೇಳಿಕೊಂಡಿದ್ದಾನೆ. ಅವರು 1988ರಲ್ಲಿ ತೀರಿಕೊಂಡರು.

ಆತನ ಸಂಗೀತದ ಕೀರ್ತಿಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅದು ನನಗಿಂತ ನಿಮ್ಮ ಮಕ್ಕಳಿಗೆ ಚೆನ್ನಾಗಿ ಗೊತ್ತು. ಒಂದನ್ನು ಮಾತ್ರ ಹೇಳುತ್ತೇನೆ. 1977ರಲ್ಲಿ ಆತನು ಒಂದು ಹಾಡನ್ನು ರಚಿಸಿದನು. ಕಾಲಿನಿಂದ ಎರಡು ಸಲ ನೆಲವನ್ನು ತುಳಿದು ಒಂದು ಚಪ್ಪಾಳೆ ತಟ್ಟುವುದೇ ಅದರ ತಾಳ. ಕೆಲವೇ ಜನರ ಸದ್ದು ಸಾವಿರಾರು ಜನರ ಸದ್ದಿನಂತೆ ಕೇಳಬೇಕಾಗಿತ್ತು. ಅದಕ್ಕಾಗಿ ಆ ಸದ್ದನ್ನು ಬೇರೆ ಬೇರೆ ಅಂತರಗಳಿಂದ ಬಂದಂತೆ ತಡೆತಡೆದು ಮತ್ತೆ ಮತ್ತೆ ಸೇರಿಸಿದನು. ಆ ಅಂತರಗಳನ್ನು ಅವಿಭಾಜ್ಯ ಸಂಖ್ಯೆಗಳ ಪ್ರಮಾಣದಲ್ಲಿ ಇಟ್ಟುದರಿಂದ ಒಂದರ ಮೇಲೊಂದು ಬಿದ್ದು ಪ್ರತಿಧ್ವನಿಯಾಗಲಿಲ್ಲ, ಬರಿಯ ವಿಸ್ತಾರವಾಯಿತು. ಬಿಟ್ಟನೆಂದು ಎಲ್ಲರೂ ತಿಳಿದಿದ್ದ ಭೌತಶಾಸ್ತ್ರವು ಹೀಗೆ ಹಾಡಿನ ಹಿಂಬಾಗಿಲಿನಿಂದ ಒಳಗೆ ಬಂದು ಕುಳಿತಿತ್ತು.

ಮರ್ಕ್ಯುರಿಯು 1991ರ ನವೆಂಬರಿನಲ್ಲಿ ತೀರಿಕೊಂಡನು. ಅಲ್ಲಿಗೆ ಮೇಯ ಕಥೆ ಮುಗಿಯಬಹುದಾಗಿತ್ತು. ಹಳೆಯ ಹಾಡುಗಳ ಆದಾಯವೊಂದೇ ಜೀವಮಾನಕ್ಕೆ ಸಾಕು. ಆದರೆ ಆತನಲ್ಲಿ ಮತ್ತೊಂದು ಹುಚ್ಚೂ ಇದ್ದಿತು. ಬಾಲ್ಯದಲ್ಲಿ ತಿಂಡಿಯ ಪೊಟ್ಟಣದೊಳಗೆ ಜೋಡಿಚಿತ್ರಗಳು ಬರುತ್ತಿದ್ದುವು. ಎರಡು ಕಣ್ಣಿಗೆ ಎರಡು ಚಿತ್ರಗಳನ್ನಿಟ್ಟು ಮಸೂರಗಳ ಮೂಲಕ ನೋಡಿದರೆ ದೃಶ್ಯವು ಆಳವನ್ನು ಪಡೆದು ಎದ್ದು ನಿಲ್ಲುವುದು. ಆ ಕೌತುಕ ಮಾಸಲಿಲ್ಲ. 1850ರ ದಶಕದಲ್ಲಿ ಟಿ. ಆರ್. ವಿಲಿಯಮ್ಸ್ ಎಂಬ ಛಾಯಾಗ್ರಾಹಕನು ಒಂದು ಹಳ್ಳಿಯ ಜೋಡಿಚಿತ್ರಗಳನ್ನು ತೆಗೆದಿದ್ದನು. ಅದು ಯಾವ ಹಳ್ಳಿಯೆಂಬುದು ಮರೆತುಹೋಗಿತ್ತು. ಮೇ ಅದರ ಚರ್ಚಿನ ಚಿತ್ರವನ್ನು ಸಾರ್ವಜನಿಕರ ಮುಂದಿಟ್ಟು ಕೇಳಿ, ಅದು ಹಿಂಟನ್ ವಾಲ್ಡ್ರಿಸ್ಟ್ ಎಂದು 2003ರಲ್ಲಿ ಪತ್ತೆ ಹಚ್ಚಿದನು. 2008ರಲ್ಲಿ, 1854ರಲ್ಲಿ ಹುಟ್ಟಿ ಅಳಿದುಹೋಗಿದ್ದ ಲಂಡನ್ ಸ್ಟೀರಿಯೋಸ್ಕೋಪಿಕ್ ಕಂಪೆನಿಯನ್ನು ಮತ್ತೆ ನಿಲ್ಲಿಸಿದನು. ಮರುವರ್ಷ ಆ ಹಳ್ಳಿಯ ಚಿತ್ರಗಳು, ಅವನ್ನು ನೋಡಲು ತಾನೇ ರೂಪಿಸಿದ ಮಸೂರದ ಸಾಧನದೊಡನೆ, ಪುಸ್ತಕವಾಗಿ ಹೊರಬಂದುವು. ಇದೇ ವಿದ್ಯೆಯು ಆತನನ್ನು ಇನ್ನೂ ದೂರ ಕೊಂಡೊಯ್ದಿತು. ಅಮೆರಿಕದ ನೌಕೆಯೊಂದು ಬೆನ್ನು ಎಂಬ ಕ್ಷುದ್ರಗ್ರಹವನ್ನು ಮುಟ್ಟಿ ಮಣ್ಣು ತರಬೇಕಾಗಿದ್ದಾಗ, ಬಂಡೆಗಳಿಂದ ತುಂಬಿದ ಅದರ ಮೈಯ ಜೋಡಿಚಿತ್ರಗಳನ್ನು ಈತನು ಸಿದ್ಧಪಡಿಸಿದನು. ಎಲ್ಲಿ ಇಳಿಯಬಹುದೆಂದು ಪರಿಶೀಲಿಸುವವರಿಗೆ ಅವು ನೆರವಾದುವು. 2020ರಲ್ಲಿ ನೌಕೆಯು ಮುಟ್ಟಿತು, 2023ರಲ್ಲಿ ಮಣ್ಣು ಭೂಮಿಗೆ ಬಂದಿತು.

ನನ್ನ ಮನಸ್ಸಿಗೆ ನಾಟಿದುದು ಮಾತ್ರ ಆ ಪ್ರಬಂಧದ ವಿಷಯ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆತನು ತನ್ನ ಟಿಪ್ಪಣಿಗಳನ್ನು ಉಳಿಸಿಕೊಂಡಿದ್ದನು. 2006ರಲ್ಲಿ ಅದೇ ಕಾಲೇಜಿಗೆ ಮರಳಿ ವಿದ್ಯಾರ್ಥಿಯಾಗಿ ಸೇರಿ, ಇತರರು ನಡುವೆ ಬರೆದುದನ್ನೆಲ್ಲ ಓದಿ, ಹಳೆಯ ಲೆಕ್ಕಗಳನ್ನು ತಿದ್ದಿ, 2007ರಲ್ಲಿ ಪ್ರಬಂಧವನ್ನು ಒಪ್ಪಿಸಿದನು. ಅದೃಷ್ಟವೂ ಇತ್ತೆನ್ನಬೇಕು: ಆ ಧೂಳಿನ ವೇಗವನ್ನು ಅಳೆಯುವ ಕೆಲಸಕ್ಕೆ ಆ ನಡುವೆ ಹೆಚ್ಚು ಮಂದಿ ಕೈಹಾಕಿರಲಿಲ್ಲ. ಬೇರೆ ವಿಷಯವಾಗಿದ್ದರೆ ಹಳಸಿಹೋಗುತ್ತಿತ್ತು. ಡಾಕ್ಟರೇಟು ದೊರೆತುದನ್ನು ನೋಡಲು ತಂದೆಯವರು ಇರಲಿಲ್ಲ.

ಇದನ್ನೆಲ್ಲ ಓದಿ ನನ್ನ ಭಯ ಹೋಯಿತೆಂದು ಹೇಳಿದರೆ ಸುಳ್ಳಾದೀತು. ಒಬ್ಬ ಮೇ ಇದ್ದಲ್ಲಿ, ಪದವಿಯೂ ಇಲ್ಲದೆ ಚಪ್ಪಾಳೆಯೂ ಇಲ್ಲದೆ ಹೋದವರು ಎಷ್ಟು ಮಂದಿಯೋ! ಅವರ ಚರಿತ್ರೆಯನ್ನು ಯಾರೂ ಬರೆಯುವುದಿಲ್ಲ. ನನ್ನ ಮಗನ ತಂಡಕ್ಕೆ ಕಳೆದ ತಿಂಗಳು ಸಿಕ್ಕಿದುದು ಒಂದೇ ಕಾರ್ಯಕ್ರಮ. ಮನೆಯಾಕೆ ಗುಟ್ಟಾಗಿ ಹಣ ಕಳುಹಿಸುವಳೆಂಬುದೂ ನನಗೆ ಗೊತ್ತು. ನನಗೆ ಗೊತ್ತೆಂಬುದು ಅವಳಿಗೂ ಗೊತ್ತು.

ಗೌರೀಹಬ್ಬಕ್ಕೆ ಅವನು ಮನೆಗೆ ಬಂದಿದ್ದನು. ನಾನು ಆ ಟಿಪ್ಪಣಿಗಳಿಗೆ ಹೊಸ ರಟ್ಟು ಹಾಕಿಸಿಟ್ಟಿದ್ದುದನ್ನು ಅಟ್ಟದಲ್ಲಿ ಕಂಡನೋ ಇಲ್ಲವೋ, ಏನೂ ಹೇಳಲಿಲ್ಲ. ಮಧ್ಯಾಹ್ನ ನಡುಮನೆಯಲ್ಲಿ ಗಿಟಾರನ್ನು ಮಡಿಲಲ್ಲಿಟ್ಟುಕೊಂಡು ಗೊಣಗುತ್ತಿದ್ದನು. ಹೆಗಲ ಪಟ್ಟಿಯನ್ನು ಸಿಕ್ಕಿಸುವ ಗುಂಡಿಯ ತಿರುಪು ಸಡಿಲಾಗಿ, ಎಷ್ಟು ತಿರುಗಿಸಿದರೂ ಕಚ್ಚುತ್ತಿರಲಿಲ್ಲ. "ತೂತು ದೊಡ್ಡದಾಗಿದೆ, ಅಂಗಡಿಗೆ ಕೊಡಬೇಕು" ಎಂದನು.

ನಾನು ದೇವರ ಗೂಡಿನಿಂದ ಬೆಂಕಿಪೆಟ್ಟಿಗೆಯನ್ನು ತಂದು, ಎರಡು ಕಡ್ಡಿಗಳ ಮದ್ದನ್ನು ಮುರಿದುಹಾಕಿ, ಸ್ವಲ್ಪ ಅಂಟು ಸವರಿ ತೂತಿನೊಳಗೆ ತುರುಕಿದೆನು. ಅವನು ಗಿಟಾರನ್ನು ಅಲುಗದಂತೆ ಹಿಡಿದುಕೊಂಡನು. ನಾನು ತಿರುಪುಳಿಯಿಂದ ಮೆಲ್ಲಗೆ ತಿರುಗಿಸಿದೆನು. ಕಚ್ಚಿತು.

"ಇನ್ನೊಂದು ಸುತ್ತು, ಅಪ್ಪಾ" ಎಂದನು.