ಹಗೇವು ಮುಚ್ಚಿ ಟೈಲ್ಸ್ ಹಾಕಿದ ಮನೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಹಳೇ ಮನೆ ರಿಪೇರಿಗೆ ಕೈ ಹಾಕಿದವರಿಗೆ ಹಗೇವು ಒಂದು ಅಡ್ಡಿಯಾಗಿ ಕಾಣುತ್ತದೆ. ಹಜಾರದಲ್ಲೋ ಮನೆ ಮುಂದಿನ ಅಂಗಳದಲ್ಲೋ ಇರುವ ಆ ರಾಗಿ ಗುಂಡಿಗೆ ಈಗ ಕೆಲಸವಿಲ್ಲ. ಕೆಡವಿದ ಗೋಡೆಯ ಮಣ್ಣು, ಒಡೆದ ಹೆಂಚು, ಗಾರೆಯ ಚೂರು ಎಲ್ಲವನ್ನೂ ಅದಕ್ಕೇ ಸುರಿದು, ಮೇಲೆ ಕಾಂಕ್ರೀಟ್ ಎಳೆದು ಟೈಲ್ಸ್ ಕೂರಿಸುತ್ತಾರೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಟೈಲ್ಸ್ ಸಂದು ಕಪ್ಪಿಟ್ಟಿರುತ್ತದೆ. ಗೋಡೆ ಬುಡದಲ್ಲಿ ಬಣ್ಣ ಹಪ್ಪಳದಂತೆ ಎದ್ದಿರುತ್ತದೆ. ಬೀರು ಸರಿಸಿದರೆ ಹಿಂದೆಲ್ಲ ಬೂಷ್ಟು.

ಮಳೆಗಾಗಿ ಮುಗಿಲು ನೋಡುವ ಸೀಮೆಯಲ್ಲಿ ಇದೆಂಥ ತೇವ? ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆ. ಪಾವಗಡದಲ್ಲಿ ಬಿಸಿಲಿನಿಂದ 2,050 ಮೆಗಾವಾಟ್ ವಿದ್ಯುತ್ ತೆಗೆಯುವ ಸೋಲಾರ್ ಪಾರ್ಕೇ ಇದೆ. ಆದರೆ ಬರುವ ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಒಟ್ಟಿಗೇ ಸುರಿಯುತ್ತದೆ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ದಾಟಿ ಉತ್ತರ ಪಿನಾಕಿನಿ ಸೇರುವ ಜಯಮಂಗಲಿ, ವರ್ಷಗಟ್ಟಲೆ ಮರಳಾಗಿ ಮಲಗಿದ್ದು 2022ರಲ್ಲಿ ದಡ ಮೀರಿ ಹರಿಯಿತು. ಅಂಥ ವರ್ಷ ನೆಲ ಕುಡಿದ ನೀರು ಬೇಸಿಗೆಯವರೆಗೂ ಒಳಗೇ ಇರುತ್ತದೆ.

ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಹಗೇವು ತೋಡುತ್ತಿದ್ದದ್ದು ನೀರು ನಿಲ್ಲದ ಎತ್ತರದ ಗಟ್ಟಿ ಗರಸು ನೆಲದಲ್ಲಿ. ಬಾಯಿ ಒಬ್ಬ ಆಳು ಇಳಿಯುವಷ್ಟು, ಒಳಗೆ ಹೊಟ್ಟೆ ಅಗಲ. ತಳಕ್ಕೂ ಸುತ್ತಲೂ ಒಣಹುಲ್ಲು ಒತ್ತಿ, ಬಿಸಿಲಿಗೆ ಹರವಿದ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತುತ್ತಿದ್ದರು. ಮುಚ್ಚಿದ ಗುಂಡಿಯೊಳಗೆ ರಾಗಿ ಉಸಿರಾಡಿ ಆಮ್ಲಜನಕ ಮುಗಿಸುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ಹುಳ ಬದುಕುವುದಿಲ್ಲ. 1876ರಲ್ಲಿ ಶುರುವಾದ ಧಾತು ಬರದಂಥ ಬರಗಳನ್ನು ಕಂಡ ಸೀಮೆಗೆ ವರ್ಷಗಟ್ಟಲೆ ಕೆಡದ ರಾಗಿ ಎಂದರೆ ಜೀವ.

ಇಷ್ಟು ಮಾಡಿದರೂ ತೇವ ಪೂರ್ತಿ ತಪ್ಪುತ್ತಿರಲಿಲ್ಲ. ಹಗೇವು ತೆಗೆದಾಗ ಮಣ್ಣಿನ ಪಕ್ಕದ ರಾಗಿ ಹೆಂಟೆಗಟ್ಟಿ ಮುಗ್ಗಲು ನಾತ ಹೊಡೆಯುತ್ತಿತ್ತು. ಅದನ್ನು ಕೆರೆದು ತೆಗೆದರೆ ನಡುವಿನ ರಾಗಿ ಹೊಸದರಂತೆ ಕೆಂಪಗಿರುತ್ತಿತ್ತು. ನೆಲದೊಳಗಿನ ತೇವ ಸುತ್ತಲಿಂದ ಬಂದೇ ಬರುತ್ತದೆಂದು ತಿಳಿದೇ ನಡುವೆ ಹುಲ್ಲು ಇಟ್ಟಿದ್ದರು. ಈಗಿನ ರಿಪೇರಿಯಲ್ಲಿ ಕಾಣದಿರುವುದು ಈ ತಿಳಿವಳಿಕೆಯೇ.

ಮಣ್ಣಿನ ಗೋಡೆ, ಸುಣ್ಣದ ಗಾರೆ ನೀರು ಹೀರುತ್ತವೆ, ಗಾಳಿಗೆ ಬಿಟ್ಟೂ ಕೊಡುತ್ತವೆ. ಅದರ ಮೇಲೆ ಸಿಮೆಂಟ್ ಗಿಲಾವು, ಪುಟ್ಟಿ, ಹೊಳೆಯುವ ಪೇಂಟ್ ಬಳಿದರೆ ಬಿಡುವ ದಾರಿ ಮುಚ್ಚಿತು. ನೀರು ಇನ್ನೂ ಮೇಲೇರುತ್ತದೆ, ಜೊತೆಗೆ ಮಣ್ಣಿನ ಉಪ್ಪನ್ನೂ ತರುತ್ತದೆ; ಗೋಡೆ ಬಿಳಿ ಪುಡಿ ಉದುರಿಸುವುದು ಅದರಿಂದ. ಪೇಟೆಗಳಲ್ಲಿ ಇನ್ನೊಂದು ತೊಂದರೆ. ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆ ಏರಿದೆ, ಜಗುಲಿ ರಸ್ತೆ ಮಟ್ಟಕ್ಕೆ ಬಂದಿದೆ, ಒಳಗಿನ ಕೋಣೆ ಅರ್ಧ ನೆಲಮಾಳಿಗೆಯಾಗಿದೆ. ಹಳೇ ಮನೆಗೆ ಗಾಳಿ ಬೆಳಕು ಕೊಡುತ್ತಿದ್ದ ಗವಾಕ್ಷಿಯನ್ನೂ ಆರ್‌ಸಿಸಿ ಹಾಕುವಾಗ ಮುಚ್ಚಿರುತ್ತಾರೆ.

‘ವಾಟರ್‌ಪ್ರೂಫ್ ಪೇಂಟ್ ಹೊಡೆದ್ಬಿಡಿ ಸಾರ್’ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಒಳಗಿನಿಂದ ಹೊಡೆದ ಪೇಂಟು ನೀರಿನ ಮೂಲವನ್ನು ಮುಟ್ಟುವುದೇ ಇಲ್ಲ. ಮೊದಲು ನೀರು ಎಲ್ಲಿಂದ ಬರುತ್ತಿದೆಯೆಂದು ನೋಡಬೇಕು. ನೆಲದ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದೆರಡು ದಿನ ಬಿಡಬೇಕು. ಹಾಳೆಯ ಅಡಿಯಲ್ಲಿ ಹನಿ ಕಟ್ಟಿದರೆ ತೇವ ನೆಲದ್ದು. ಮೇಲೆ ಕಟ್ಟಿದರೆ ಕೋಣೆಯ ಗಾಳಿಯದ್ದು. ನೆಲದ್ದಾದರೆ ಸೋರುವ ಸಂಪು, ಬಚ್ಚಲ ಕೊಳವೆ, ಗೋಡೆಯತ್ತ ಇಳಿಜಾರಾದ ಅಂಗಳ, ಪಾಯದ ಪಕ್ಕದ ಚರಂಡಿ ಇವನ್ನು ಸರಿಮಾಡದೆ ಒಳಗಿನ ಕೆಲಸ ದಂಡ. ಗಾಳಿಯದ್ದಾದರೆ ಕಿಟಕಿ ಬೇಕು, ಫ್ಯಾನ್ ಬೇಕು, ಗೋಡೆಗೂ ಬೀರುವಿಗೂ ನಡುವೆ ಸಂದು ಬೇಕು.

ಬೂಷ್ಟನ್ನು ಒಣ ಪೊರಕೆಯಲ್ಲಿ ಗುಡಿಸುವುದು ಕೆಟ್ಟ ಅಭ್ಯಾಸ. ಅದರ ಬೀಜಕಣ ಮನೆಯೆಲ್ಲ ಹಾರುತ್ತದೆ. ತೇವದ ಮನೆಗೂ ಉಬ್ಬಸಕ್ಕೂ ಇರುವ ನಂಟನ್ನು ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲೇ ಹೇಳಿದೆ. ಮಾಸ್ಕ್ ಹಾಕಿಕೊಂಡು, ಸೋಪಿನ ನೀರಿನ ಬಟ್ಟೆಯಲ್ಲಿ ಒರೆಸಿ, ಚೆನ್ನಾಗಿ ಒಣಗಿಸಬೇಕು. ಬ್ಲೀಚಿಂಗ್ ಪೌಡರ್ ಜೊತೆ ಬಚ್ಚಲ ಆಸಿಡ್ ಬೆರೆಸಲೇಬಾರದು. ಅದರಿಂದ ಏಳುವ ಕ್ಲೋರಿನ್ ಕಿಟಕಿಯಿಲ್ಲದ ಕೋಣೆಯಲ್ಲಿ ಪ್ರಾಣಕ್ಕೇ ಎರವು.

ಮುಚ್ಚಿದ ಹಗೇವು ಮತ್ತೆ ತೆರೆಯುವವರಿಗೂ ಅದೇ ಎಚ್ಚರ ಬೇಕು. ಹಿಂದೆ ಚಪ್ಪಡಿ ಸರಿಸಿ ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಸುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ದೀಪ ಉರಿದ ಮಾತ್ರಕ್ಕೆ ಗಾಳಿ ಸರಿಯಿದೆ ಎನ್ನಲೂ ಆಗದು. ಬ್ಲೋವರ್‌ನಿಂದ ಗಾಳಿ ಹೊಡೆಸಿ, ಇಳಿಯುವವರ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಆಳು ನಿಲ್ಲಿಸಬೇಕು. ತುಂಬಿಸುವುದೇ ಆದರೆ ಕಸ ಸುರಿಯದೆ ಗರಸು ಮಣ್ಣನ್ನು ಪದರ ಪದರವಾಗಿ ಹಾಕಿ ದಿಮ್ಮಸು ಹೊಡೆಯಬೇಕು. ಸಡಿಲ ಮಣ್ಣು ನೀರು ಹಿಡಿಯುತ್ತದೆ, ಕುಸಿಯುತ್ತದೆ. ಶಿವರಾತ್ರಿ ಕಳೆದ ಮೇಲೆ ಕೆಲಸ ಹಿಡಿದರೆ ಬೇಸಿಗೆಯ ಬಿಸಿಲು ಗೋಡೆಗೆ ಸಿಗುತ್ತದೆ. ಟೈಲ್ಸಿಗೆ ಮಾತ್ರ ಅವಸರ ಮಾಡದೆ, ಹಸ್ತ, ಚಿತ್ತೆ ಮಳೆ ಮುಗಿದ ಮೇಲೆ ಇನ್ನೊಮ್ಮೆ ಪ್ಲಾಸ್ಟಿಕ್ ಹಾಳೆ ಹಾಸಿ ನೋಡಿ ಕೂರಿಸಬಹುದು.