ಸೂರು ಯಾರದು?

ಪ್ರೀತಿಯ ಪುಟ್ಟಿ,

ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತಂತೆ, ಬಲು ಸಂತೋಷ. ಶ್ರೀನಿವಾಸಪುರದಿಂದ ದಿನಾ ವ್ಯಾನಿನಲ್ಲಿ ಓಡಾಡಲೋ, ಕಂಪನಿ ಕಡೆಯವರು ತೋರಿಸುವ ಹಾಸ್ಟೆಲ್ಲಿಗೆ ಸೇರಲೋ ಅಂತ ಕೇಳಿದ್ದೀಯ. ಬಾಡಿಗೆ ಎಷ್ಟು ಅಂತ ಆಮೇಲೆ ನೋಡೋಣ, ಆ ಸೂರು ಯಾರದು ಅಂತ ಮೊದಲು ತಿಳಿದುಕೋ.

ಮದುವೆಯಾಗಿ ಕೆಜಿಎಫ್‌ಗೆ ಬಂದ ಮೇಲೆ ನನಗೆ ಅಂಟಿದ ಬುದ್ಧಿ ಇದು. ಚಿನ್ನದ ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯ ಕಾಲದಿಂದಲೂ ಇಲ್ಲಿ ಗಣಿಯೂ ಕಂಪನಿಯದೇ, ಕೂಲಿ ಲೈನಿನ ಮನೆಯೂ ಕಂಪನಿಯದೇ. 1956ರಲ್ಲಿ ಗಣಿ ಸರ್ಕಾರದ ಪಾಲಾದರೂ ಆ ಪದ್ಧತಿ ಬದಲಾಗಲಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಸಂಬಳ ನಿಂತರೂ ಜನ ಲೈನು ಬಿಡಲಿಲ್ಲ. ಬಿಟ್ಟು ಹೋಗುವುದಾದರೂ ಎಲ್ಲಿಗೆ? ಬೆಂಗಳೂರಿನಲ್ಲಿ ಕೂಲಿ ಸಿಗುತ್ತಿತ್ತು, ಆ ಕೂಲಿಗೆ ಮನೆ ಸಿಗುತ್ತಿರಲಿಲ್ಲ. ಅದಕ್ಕೇ ಕತ್ತಲಿರುವಾಗಲೇ ಮಾರಿಕುಪ್ಪಂ ರೈಲು ಹತ್ತಿ, ಕತ್ತಲಾದ ಮೇಲೆ ಇಳಿಯುವ ಬಾಳು. ತಲೆಮಾರುಗಳು ಬಾಳಿದ ಮನೆಯ ಹಕ್ಕುಪತ್ರಕ್ಕಾಗಿ ಅಲೆದಾಟ ಬೇರೆ.

ನಿಮ್ಮ ಕಡೆ ಕಂಪನಿ ತಾನೇ ಮನೆ ಕಟ್ಟಬೇಕಾಗಿಲ್ಲ. ಗುತ್ತಿಗೆದಾರನೊಬ್ಬ ಇಡೀ ಕಟ್ಟಡವನ್ನು ಹಿಡಿದು ಮಂಚದ ಲೆಕ್ಕದಲ್ಲಿ ಬಾಡಿಗೆ ಎತ್ತಿದರೆ ಸಾಕು. ಒಂದು ರೂಮಿಗೆ ಆರು ಮಂಚ ಹಾಕಿದರೆ ಬರುವ ದುಡ್ಡನ್ನು ಅಲ್ಲಿ ಮೊದಲು ಬಾಡಿಗೆಗಿದ್ದ ಟೈಲರೋ ಅಂಗನವಾಡಿ ಟೀಚರೋ ಎಲ್ಲಿಂದ ತಂದಾರು? ಮಾಲಿಕನಿಗೂ ಒಬ್ಬನ ಹತ್ತಿರ ಒಂದೇ ಚೆಕ್ ಇಸ್ಕೊಳ್ಳುವುದೇ ನೆಮ್ಮದಿ. ಕೋಲಾರದಲ್ಲೂ ಮಾಲೂರಲ್ಲೂ ಸಂಸಾರಸ್ಥರಿಗೆ ಮನೆ ಎಟುಕದಂತಾಗುವುದು ಹೀಗೇ. ಕಾನೂನು ಇದೆಯಲ್ಲ ಅಂತೀಯ. 1999ರ ಬಾಡಿಗೆ ಕಾಯ್ದೆ ತಿಂಗಳಿಗೆ 3,500 ರೂಪಾಯಿ ದಾಟಿದ ಬಾಡಿಗೆಯನ್ನು ಮುಟ್ಟುವುದೇ ಇಲ್ಲ ಕಣೇ! ಬರ್ಲಿನ್‌ನವರಂತೂ ರೋಸಿಹೋಗಿ, ಮೂರು ಸಾವಿರಕ್ಕಿಂತ ಹೆಚ್ಚು ಮನೆಗಳಿರುವ ಕಂಪನಿಗಳಿಂದ ಅವನ್ನು ಸರ್ಕಾರವೇ ವಶಪಡಿಸಿಕೊಳ್ಳಲಿ ಅಂತ 2021ರಲ್ಲಿ ಬಹುಮತದಿಂದ ವೋಟು ಹಾಕಿದರು.

ಫ್ಯಾಕ್ಟರಿಯೂ ಶಾಶ್ವತವಲ್ಲ. ನಿಮ್ಮ ನರಸಾಪುರದಲ್ಲೇ, 2020ರ ಡಿಸೆಂಬರಿನಲ್ಲಿ ಸಂಬಳಕ್ಕಾಗಿ ದೊಡ್ಡ ಗಲಾಟೆಯಾದ ವಿಸ್ಟ್ರಾನ್ ಘಟಕ 2023ರಲ್ಲಿ ಟಾಟಾದವರ ಕೈಗೆ ಹೋಯಿತು. ಕೆಲಸ ಹೋದ ದಿನವೇ ಮಂಚವೂ ಹೋಗುವ ಹಾಗಿದ್ದರೆ, ಮೇಸ್ತ್ರಿಯ ಎದುರು ನಿನ್ನ ಬಾಯಿ ಏಳುತ್ತದೆಯೇ?

ಹಾಸ್ಟೆಲ್ ಅಗ್ಗ ಅನ್ನೋದು ನಿಜ, ಮೊದಲ ತಿಂಗಳು ಬೇಕಾದರೆ ಇರು. ಅಷ್ಟರಲ್ಲಿ ಮುಳಬಾಗಿಲಿನ ನಿನ್ನ ಇಬ್ಬರು ಗೆಳತಿಯರನ್ನೂ ಸೇರಿಸಿಕೊಂಡು ಕೋಲಾರದಲ್ಲಿ ಒಂದು ಮನೆ ಹುಡುಕು. ಕರಾರು ನಿಮ್ಮ ಹೆಸರಲ್ಲೇ ಇರಲಿ, ಅಡ್ವಾನ್ಸನ್ನು ಬ್ಯಾಂಕಿನಿಂದಲೇ ಕೊಡಿ. ಸಹಿ ಹಾಕುವ ಮುಂಚೆ ನನಗೊಂದು ಫೋಟೋ ಕಳಿಸು, ನಿಮ್ಮ ಚಿಕ್ಕಪ್ಪನ ಹತ್ತಿರ ಓದಿಸುತ್ತೇನೆ.

ನಿನ್ನ ಚಿಕ್ಕಮ್ಮ