ಒಂಬತ್ತು ವರ್ಷದ ಸರ್ವೀಸು

ಕಳೆದ ದಸರಾ ರಜೆಗೆ ಚೋರನೂರಿಗೆ ಹೋದಾಗ ಮನೆ ಮುಂದಿನ ಕಟ್ಟೆ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ರೆಸ್ಯೂಮೆ ತಿದ್ದೋಕೆ ಕೂತೆ. 'ಒಂಬತ್ತು ವರ್ಷದ ಅನುಭವ' ಅಂತ ಟೈಪ್ ಮಾಡಿದೆ. ಮುಂದಿನ ಸಾಲು ಹೊಳೀಲೇ ಇಲ್ಲ. ಒಂದೇ ಕಂಪನಿ, ಒಂದೇ ಪ್ರಾಜೆಕ್ಟು. ಹೊರಗಿನವರಿಗೆ ಏನಂತ ಹೇಳೋದು?

2021ರಲ್ಲಿ ಹಿಂಗಿರಲಿಲ್ಲ. ದಿನಕ್ಕೆ ಮೂರ್ನಾಲ್ಕು ಎಚ್ಆರ್ ಫೋನು. ಬೇರೆ ಕಡೆಯ ಆಫರ್ ತೋರಿಸಿ ಇಲ್ಲೇ ಸಂಬಳ ಏರಿಸಿಕೊಂಡೆ. ನಾನು ಭಾರಿ ಕುಳ ಅಂತಲೇ ನಂಬಿದ್ದೆ. ಈಗ ಬರೋ ಫೋನೆಲ್ಲ 'ಲೋನ್ ಬೇಕಾ ಸರ್' ಅನ್ನೋವು.

ಪಕ್ಕದಲ್ಲಿ ಬಂದು ಕೂತ ಸೋದರಮಾವನಿಗೆ ಇದನ್ನೆಲ್ಲ ಹೇಳಿಕೊಂಡೆ. ಮಾವ ಸಂಡೂರಿನ ಗಣಿಗಳಲ್ಲಿ ಟಿಪ್ಪರ್ ಓಡಿಸಿದವನು. ಚೀನಾಕ್ಕೆ ಅದಿರು ಹೋಗ್ತಿದ್ದ ಕಾಲದಲ್ಲಿ ಡ್ರೈವರುಗಳನ್ನ ಮನೆ ಬಾಗಿಲಿಗೆ ಬಂದು ಕರೀತಿದ್ದರು. 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಟಿಪ್ಪರುಗಳು ಸಾಲಾಗಿ ನಿಂತವು.

"ಹತ್ತು ವರ್ಷದ ಡ್ರೈವರ್ ನಾನು, ನನ್ನ ಯಾರು ಬಿಡ್ತಾರ ಅಂದ್ಕಂಡಿದ್ದೆ ಅಳಿಯಾ. ಹೊಸಪೇಟಿ ಲಾರಿ ಆಫೀಸಿಗೆ ಹೋದ್ರ ನನ್ನಂಥೋರು ಇಪ್ಪತ್ತು ಮಂದಿ ನಿಂತಿದ್ರು. ಅವ್ರಿಗೆ ಬೇಕಾಗಿದ್ದು ಅದಿರು, ನಾವಲ್ಲ ಅಂತ ಅವತ್ತು ಗೊತ್ತಾತು."

"ಮತ್ತೆ ಕೆಲಸ ಹೆಂಗೆ ಸಿಕ್ತು ಮಾವ?"

"ರಾತ್ರಿ ಘಾಟಿನಾಗ ಗಾಡಿ ಕೆಟ್ರ ಮೆಕ್ಯಾನಿಕ್ ಎಲ್ಲಿ ಬರ್ತಾನ? ನಾವಾ ಬಿಚ್ಚಿ ಜೋಡಿಸ್ತಿದ್ವಿ. ಹತ್ತು ವರ್ಷ ಓಡ್ಸೀನಿ ಅಂದ್ರ ಯಾರೂ ತಲಿ ಎತ್ಲಿಲ್ಲ. ಬ್ರೇಕ್ ಬಿಚ್ಚಿ ಜೋಡಿಸ್ತೀನಿ ಅಂದೆ, ಸಾವ್ಕಾರ 'ಕುಂದ್ರು, ಚಾ ಕುಡಿ' ಅಂದ."

ಆಮೇಲೆ ನನ್ನ ಲ್ಯಾಪ್‌ಟಾಪ್ ಕಡೆ ನೋಡಿ ಕೇಳಿದ: "ನಿನ್ನ ಗಾಡಿ ಎಲ್ಲೂ ಕೆಟ್ಟಿಲ್ಲೇನು?"

ಕೆಟ್ಟಿತ್ತು. ಬೇಕಾದಷ್ಟು ಸಲ. ಬೆಳಗಿನ ಜಾವ ಎರಡಕ್ಕೆ ಸರ್ವರ್ ಬಿದ್ದಾಗ ಎಬ್ಬಿಸ್ತಿದ್ದಿದ್ದು ನನ್ನನ್ನೇ. ಯಾರಿಗೂ ಅರ್ಥವಾಗದ ಹಳೇ ಕೋಡನ್ನ ಒಂದು ಮಳೆಗಾಲವಿಡೀ ಕೂತು ಬಿಡಿಸಿದ್ದೆ. ಒಂದೇ ಕಡೆ ಇದ್ದೂ ಇದ್ದೂ, ಕಲಿತಿದ್ದೆಲ್ಲ 'ನಮ್ಮ ಪ್ರಾಜೆಕ್ಟಿನ ಕೆಲಸ' ಅನ್ನಿಸಿಬಿಡುತ್ತೆ. ಹೊರಗೆ ಬೆಲೆ ಬಾಳೋ ವಿದ್ಯೆ ಅನ್ನಿಸೋದೇ ಇಲ್ಲ. ಅವತ್ತು ಫೋನು ಬಂದಿದ್ದಕ್ಕೆ ನಾನು ದೊಡ್ಡವನಾಗಿರಲಿಲ್ಲ. ಇವತ್ತು ಬರದೇ ಇದ್ದಿದ್ದಕ್ಕೆ ಸಣ್ಣವನೂ ಆಗಿಲ್ಲ.

'ಒಂಬತ್ತು ವರ್ಷ' ಅಳಿಸಿದೆ. ಕತ್ತಲಾಗೋದ್ರೊಳಗೆ ನಾಲ್ಕು ಸಾಲು ಬರೆದೆ, ನಾಲ್ಕೂ ನಾನು ರಿಪೇರಿ ಮಾಡಿದ ಕೆಲಸಗಳು. ಒಂಬತ್ತು ವರ್ಷಕ್ಕೆ ನಾಲ್ಕು ಸಾಲು ಕಮ್ಮಿಯೇ. ಐದನೇದಕ್ಕೆ ಇನ್ನೂ ಏನಾದ್ರೂ ಕಲೀಬೇಕು.